ತಡೆದವರಾರು, ತಡವಾದುದೇಕೆ?

ಬೆಳಗಾವಿಯಿಂದ ಬಾಗಲಕೋಟೆಯತ್ತ ಸಾಗುವ ರಸ್ತೆಯ ಮೇಲಿರುವ ನೇಸರಗಿಯಲ್ಲಿ, ಕನ್ನಡ ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾದ ಹಿರಿಯರೊಬ್ಬರು ಹಲವು ವರ್ಷಗಳಿಂದ ಶ್ರೀಕೃಷ್ಣ ಪಾರಿಜಾತದ ಆಟಗಳನ್ನೂ ಕಂಪನಿ ನಾಟಕಗಳ ಪದಗಳನ್ನೂ ಟೇಪಿನಲ್ಲಿ ಹಿಡಿದಿಡುತ್ತ ಬಂದವರು; ಆ ಟೇಪುಗಳು ಬೂಷ್ಟು ಹಿಡಿದು ಹಾಳಾಗುವ ಮುನ್ನ ಅವನ್ನೆಲ್ಲ ಗಣಕಕ್ಕೆ ಏರಿಸಿ, ಸವದತ್ತಿ, ರಾಮದುರ್ಗ, ಕಿತ್ತೂರುಗಳಲ್ಲಿರುವ ತಮ್ಮಂಥ ರಸಿಕ ಮಿತ್ರರಿಗೆ ಟೊರೆಂಟ್ ಮಾರ್ಗದಿಂದ ತಲುಪಿಸಬೇಕೆಂದು ಈಗ ಉದ್ಯುಕ್ತರಾಗಿದ್ದಾರೆ. ಅದೇ ಊರಿನಲ್ಲಿ ಮನೆಮನೆಗೆ ಫೈಬರ್ ಎಳೆದು, ಕೆಟ್ಟಲ್ಲಿ ದುರಸ್ತಿ ಮಾಡಿ, ತಿಂಗಳ ಹಣವನ್ನು ವಸೂಲು ಮಾಡತಕ್ಕ ತರುಣನು ಅವರ ಹಳೆಯ ವಿದ್ಯಾರ್ಥಿ. ಕಡತವು ಮುಂದೆ ಸಾಗದೆಂಬ ದೂರಿನ ಮೇಲೆ ಅವನು ಬಂದಾಗ ಇಬ್ಬರ ನಡುವೆ ನಡೆದ ಮಾತನ್ನು, ಆ ಪ್ರಶ್ನೆಯು ನಮ್ಮೆಲ್ಲರದೂ ಆಗಿರುವುದರಿಂದ, ಇಲ್ಲಿ ಬರೆದಿಡುತ್ತಿದ್ದೇನೆ.

ಹಿರಿಯರು: ನೋಡು ತಮ್ಮಾ, ನಿನ್ನ ಮೇಲೆ ನನಗೆ ಮುನಿಸಿಲ್ಲ, ಆದರೆ ನಡೆದುದನ್ನು ನಡೆದಂತೆ ಹೇಳಬೇಕಲ್ಲ. ಮೊಮ್ಮಕ್ಕಳು ಇದೇ ಸಂಪರ್ಕದಲ್ಲಿ ಸಿನಿಮಾ ಹಚ್ಚಿದರೆ ಅದು ಎಲ್ಲಿಯೂ ನಿಲ್ಲದೆ ಓಡುತ್ತದೆ, ಕ್ರಿಕೆಟ್ ಪಂದ್ಯವು ಒಂದು ಚೆಂಡೂ ತಪ್ಪದಂತೆ ಕಾಣುತ್ತದೆ. ನಾನು ಇಡೀ ರಾತ್ರಿಯ ಪಾರಿಜಾತವನ್ನು ರಾಮದುರ್ಗದ ಗೆಳೆಯನಿಗೆ ಮುಟ್ಟಿಸಹೊರಟರೆ ಮಾತ್ರ ಬೆಳಗಾದರೂ ಅದರ ಹತ್ತರಲ್ಲೊಂದು ಪಾಲೂ ಹೋಗಿರುವುದಿಲ್ಲ. ಒಂದೇ ಎಳೆಯಲ್ಲಿ ಒಂದಕ್ಕೆ ವೇಗವೂ ಇನ್ನೊಂದಕ್ಕೆ ಮಾಂದ್ಯವೂ ಇದ್ದಲ್ಲಿ, ನಡುವೆ ಯಾರೋ ಕೈಯಾಡಿಸುತ್ತಿರುವರೆಂದು ಊಹಿಸುವುದು ಅನ್ಯಾಯವೆ?

ತರುಣ: ಅನ್ಯಾಯವಲ್ಲ ಗುರುಗಳೆ, ಅವಸರದ ತೀರ್ಪು ಎಂದೇನು. ಸಿನಿಮಾ ಬರುವ ದಾರಿ ಬೇರೆ, ನಿಮ್ಮ ಪಾರಿಜಾತ ಹೋಗಬೇಕಾದ ದಾರಿ ಬೇರೆ. ಸಿನಿಮಾ ತೋರಿಸುವ ದೊಡ್ಡ ಕಂಪನಿಗಳು ತಮ್ಮ ಸರ್ವರ್‌ಗಳನ್ನು ಊರಿಂದೂರಿಗೆ, ಎಷ್ಟೋ ವೇಳೆ ನೆಟ್ ಕೊಡುವ ಕಂಪನಿಯ ಕಟ್ಟಡದೊಳಗೇ ಇರಿಸಿರುತ್ತವೆ. ಆದ್ದರಿಂದ ಅದು ಸಮೀಪದಿಂದ ಇಳಿದು ಬರುತ್ತದೆ. ಟೊರೆಂಟಿನಲ್ಲಿ ಅಂಥ ಮಧ್ಯಸ್ಥರಿಲ್ಲ. 2001ರಲ್ಲಿ ಅಮೆರಿಕದ ಬ್ರಾಮ್ ಕೋಹೆನ್ ಎಂಬವನು ಬಿಟ್‌ಟೊರೆಂಟ್ ಪದ್ಧತಿಯನ್ನು ರಚಿಸಿದಾಗ, ದೊಡ್ಡ ಕಡತವನ್ನು ಸಣ್ಣ ತುಣುಕುಗಳಾಗಿ ಒಡೆದು, ಪ್ರತಿಯೊಂದು ತುಣುಕೂ ಕೆಡದೆ ಬಂದಿತೆಂಬುದನ್ನು ಪರೀಕ್ಷಿಸಲು ಗಣಿತದ ಗುರುತೊಂದನ್ನು ಹಚ್ಚಿ, ಪಡೆಯುವವನೇ ಕೊಡುವವನೂ ಆಗುವ ಹಾಗೆ ಮಾಡಿದನು. ನೂರು ಜನರ ಬಳಿ ಇರುವ ಕಡತವು ನೂರು ಕಡೆಗಳಿಂದ ಬರಬಲ್ಲದು. ನಿಮ್ಮ ಪಾರಿಜಾತವಾದರೋ ಪೂರ್ಣವಾಗಿ ಇರುವುದು ನಿಮ್ಮ ಒಂದೇ ಗಣಕದಲ್ಲಿ. ಅದನ್ನು ನೀವು ಮಲಗುವಾಗ ಆರಿಸುತ್ತೀರಿ. ರಾಮದುರ್ಗದವರು ತಮ್ಮದನ್ನು ಹಚ್ಚುವುದೇ ರಾತ್ರಿಯ ಊಟವಾದ ಮೇಲೆ. ಇಬ್ಬರೂ ಏಕಕಾಲದಲ್ಲಿ ಎಚ್ಚರವಿರದ ಹೊರತು ಒಂದು ತುಣುಕೂ ಕದಲಲಾರದು.

ಹಿರಿಯರು: ಅದನ್ನು ಒಪ್ಪಿದೆ. ಇಬ್ಬರೂ ಎಚ್ಚರವಿದ್ದು, ಫೋನಿನಲ್ಲಿ ಮಾತನಾಡುತ್ತಲೇ ಪ್ರಯತ್ನಿಸಿದಾಗಲೂ ಸಾಗಲಿಲ್ಲವಲ್ಲ, ಅದಕ್ಕೇನೆನ್ನುವಿ?

ತರುಣ: ಅಲ್ಲಿ ವಿಳಾಸದ ತೊಡಕು ಬರುತ್ತದೆ. ಅಂತರ್ಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದೇ ಒಟ್ಟು 429 ಕೋಟಿಯಷ್ಟು ವಿಳಾಸಗಳು. ಏಷ್ಯಾ ಮತ್ತು ಪೆಸಿಫಿಕ್ ಭಾಗಕ್ಕೆ ಮೀಸಲಾದ ದಾಸ್ತಾನು 2011ರ ಏಪ್ರಿಲಿನಲ್ಲಿಯೇ ಹೆಚ್ಚುಕಡಿಮೆ ಬರಿದಾಯಿತು. ಆದ್ದರಿಂದ ಕಂಪನಿಗಳು ಬಹಳ ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಸಿವೆ. ಇದನ್ನು ನಾವು ಸಿಜಿನ್ಯಾಟ್ ಎನ್ನುತ್ತೇವೆ. ಒಳಗಿನಿಂದ ಹೊರಡುವ ಕರೆಗೆ ಅದು ದಾರಿ ಕೊಡುತ್ತದೆ. ಹೊರಗಿನಿಂದ ತಾನಾಗಿ ಬರುವ ಕರೆಯನ್ನು ಯಾವ ಮನೆಗೆ ಮುಟ್ಟಿಸಬೇಕೆಂಬುದು ಅದಕ್ಕೆ ತಿಳಿಯದು. ಸಿನಿಮಾ ನೋಡುವವನು ತಾನೇ ಕರೆ ಮಾಡುವವನಾದ್ದರಿಂದ ಅವನಿಗೆ ಈ ಬಾಧೆ ಇಲ್ಲ. ನೀವೂ ಇಂಥ ಗೋಡೆಯ ಹಿಂದೆ, ಮೊಬೈಲ್ ಸಂಪರ್ಕದಲ್ಲಿರುವ ನಿಮ್ಮ ಗೆಳೆಯರೂ ಇಂಥದೇ ಗೋಡೆಯ ಹಿಂದೆ. ಒಬ್ಬರನ್ನೊಬ್ಬರು ಕರೆಯುತ್ತಿದ್ದೀರಿ, ಎರಡು ಕರೆಗಳೂ ನಡುವೆಯೇ ಬಿದ್ದುಹೋಗುತ್ತಿವೆ. ಇದರಲ್ಲಿ ಯಾರ ದ್ವೇಷವೂ ಇಲ್ಲ.

ಹಿರಿಯರು: ದ್ವೇಷವಿಲ್ಲದೆಯೂ ಹಾನಿ ಆಗಬಹುದು. ಆ ವಿಚಾರ ಆಮೇಲೆ. ಮೊದಲು ಇದನ್ನು ಹೇಳು: ಬೇಕೆಂದೇ, ಉದ್ದೇಶಪೂರ್ವಕವಾಗಿ, ಇಂಥ ಹಂಚಿಕೆಯನ್ನು ಯಾವ ಕಂಪನಿಯೂ ಎಂದಿಗೂ ತಡೆದಿಲ್ಲವೆಂದು ನನ್ನ ಮುಂದೆ ಹೇಳಬಲ್ಲೆಯಾ?

ತರುಣ: ಹೇಳಲಾರೆ. ತಡೆದದ್ದುಂಟು, ಸಿಕ್ಕಿಬಿದ್ದದ್ದೂ ಉಂಟು. 2007ರಲ್ಲಿ ಅಮೆರಿಕದ ಓರೆಗನ್ ಪ್ರಾಂತದಲ್ಲಿ ರಾಬ್ ಟೊಪೊಲ್ಸ್ಕಿ ಎಂಬ ತಂತ್ರಜ್ಞನಿದ್ದನು. ನಿಮ್ಮಂತೆಯೇ ಹಳೆಯ ಹಾಡುಗಳ ಅಭಿಮಾನಿ. ನಾಲ್ವರು ಗಾಯಕರು ವಾದ್ಯಗಳ ಹಂಗಿಲ್ಲದೆ ದನಿಗೆ ದನಿ ಕೂಡಿಸಿ ಹಾಡತಕ್ಕ 'ಬಾರ್ಬರ್‌ಶಾಪ್' ಎಂಬ ಶೈಲಿಯೊಂದು ಆ ದೇಶದಲ್ಲಿದೆ. ಅದರ ಹಳೆಯ ಧ್ವನಿಮುದ್ರಿಕೆಗಳನ್ನು ಅವನು ಟೊರೆಂಟ್ ಮಾರ್ಗದಲ್ಲಿ ಹಂಚಲೆಳಸಿದಾಗ, ಬೇರೆಲ್ಲ ಕೆಲಸಗಳೂ ಸುಸೂತ್ರವಾಗಿ ನಡೆಯುತ್ತಿರಲು, ಈ ಹಂಚಿಕೆಯೊಂದೇ ಮತ್ತೆ ಮತ್ತೆ ಕಡಿದುಬೀಳುತ್ತಿತ್ತು. ಅವನು ತಂತಿಯೊಳಗಿನ ಸಂದೇಶಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಕಾಮ್‌ಕಾಸ್ಟ್ ಎಂಬ ದೊಡ್ಡ ಕೇಬಲ್ ಕಂಪನಿಯು ನಡುವೆ ನಿಂತು ಸಂದೇಶಗಳನ್ನು ತಾನೇ ಸೃಷ್ಟಿಸುತ್ತಿರುವುದನ್ನು ಕಂಡುಹಿಡಿದನು. ಈ ಗಣಕಕ್ಕೆ ಆ ಗಣಕದ ಹೆಸರಿನಲ್ಲಿ, ಆ ಗಣಕಕ್ಕೆ ಈ ಗಣಕದ ಹೆಸರಿನಲ್ಲಿ, 'ನಾನು ಸಂಪರ್ಕ ಮುಗಿಸಿದ್ದೇನೆ' ಎಂಬ ಸಂದೇಶ ಹೋಗುತ್ತಿತ್ತು. ಎರಡೂ ಅದನ್ನು ನಂಬಿ ಸುಮ್ಮನಾಗುತ್ತಿದ್ದವು. ಅದೇ ವರ್ಷದ ಅಕ್ಟೋಬರಿನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯವರು, ಯಾವ ಹಕ್ಕಿನ ಬಾಧೆಯೂ ಬಾರದ ಬೈಬಲ್ಲಿನ ಹಳೆಯ ಇಂಗ್ಲಿಷ್ ಅನುವಾದವನ್ನು ಹಾಗೆಯೇ ಹಂಚಿ ನೋಡಿ, ಮಾತು ನಿಜವೆಂದು ಪ್ರಕಟಿಸಿದರು.

ಹಿರಿಯರು: ತಮ್ಮಾ, ನಿಧಾನ ಮಾಡಿದ್ದನ್ನು ನಾನು ಕ್ಷಮಿಸಬಹುದು, ದಟ್ಟಣೆ ಇತ್ತು, ಅನಿವಾರ್ಯವಾಯಿತು ಎಂದರೆ ಕೇಳಿಕೊಳ್ಳಬಹುದು. ಆದರೆ ನಾನು ಆಡದ ಮಾತನ್ನು ನನ್ನ ಹೆಸರಿನಲ್ಲಿ ನನ್ನ ಗೆಳೆಯನಿಗೆ ಆಡುವುದು, ಅದೂ ನನ್ನಿಂದಲೇ ತಿಂಗಳ ಹಣ ಪಡೆಯುವವನು ಆಡುವುದು, ಎಂಥ ವಿಶ್ವಾಸಘಾತ! ಅಂಚೆಯವನು ಪತ್ರವನ್ನು ತಡವಾಗಿ ಕೊಡುವುದಕ್ಕೂ ಸುಳ್ಳು ಪತ್ರವನ್ನು ಬರೆದು ಕೊಡುವುದಕ್ಕೂ ಇರುವ ಅಂತರವನ್ನು ಯಾವ ತಾಂತ್ರಿಕ ಸಮರ್ಥನೆಯೂ ಅಳಿಸಲಾರದು. ಅವರಿಗೆ ಶಿಕ್ಷೆಯಾಯಿತೆ?

ತರುಣ: ಕಂಪನಿಯು ಮೊದಲು ಅಲ್ಲಗಳೆದು, ಆಮೇಲೆ 'ತಡೆದಿಲ್ಲ, ದಟ್ಟಣೆಯ ನಿರ್ವಹಣೆಗಾಗಿ ತುಸು ತಡಮಾಡಿದ್ದೇವೆ' ಎಂದಿತು. 2008ರ ಆಗಸ್ಟಿನಲ್ಲಿ ಅಲ್ಲಿಯ ಸಂಪರ್ಕ ಆಯೋಗವು ಮೂರು ಮತಗಳಿಗೆ ಎರಡರಂತೆ, ಇದು ತಪ್ಪು, ನಿಲ್ಲಿಸಬೇಕೆಂದು ಆಜ್ಞಾಪಿಸಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2010ರ ಏಪ್ರಿಲಿನಲ್ಲಿ, ಹಾಗೆ ಆಜ್ಞಾಪಿಸಲು ಆಯೋಗಕ್ಕೆ ಕಾನೂನಿನ ಅಧಿಕಾರವೇ ಇರಲಿಲ್ಲವೆಂದು ತೀರ್ಪು ಬಂದಿತು. ಕೃತ್ಯವು ಸರಿಯೆಂದು ನ್ಯಾಯಾಲಯ ಹೇಳಲಿಲ್ಲ. ದಂಡಿಸಹೊರಟವರ ಕೈಯಲ್ಲಿ ದಂಡವಿಲ್ಲವೆಂದಿತು. ಆದರೆ ಗುರುಗಳೆ, ನನ್ನ ಕಡೆಯ ಮಾತನ್ನೂ ಕೇಳಬೇಕು. ನಮ್ಮ ಊರಿನಲ್ಲಿ ಒಂದು ಫೈಬರ್ ಎಳೆಯನ್ನು ಸ್ಪ್ಲಿಟರಿನಲ್ಲಿ ಒಡೆದು ಮೂವತ್ತೆರಡು ಮನೆಗಳಿಗೆ ಹಂಚುತ್ತೇವೆ. ಆ ಪದ್ಧತಿಯಲ್ಲಿ ಇಳಿಯುವ ಹರಿವಿಗೆ ಸೆಕೆಂಡಿಗೆ 2.5 ಗಿಗಾಬಿಟ್, ಏರುವ ಹರಿವಿಗೆ ಅದರ ಅರ್ಧ. ಅಲ್ಲಿಂದ ಮುಂದೆ ಬೆಳಗಾವಿಯವರೆಗಿನ ದಾರಿ ಎಲ್ಲರಿಗೂ ಸೇರಿದ್ದು. ಮಲಪ್ರಭೆಯ ಕಾಲುವೆಯ ಮೇಲ್ಭಾಗದಲ್ಲಿ ಒಬ್ಬನು ಹಗಲಿರುಳೂ ತೂಬು ತೆರೆದಿಟ್ಟರೆ ತುದಿಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಸಂಜೆಯ ಹೊತ್ತು ಪಾಠ ಕೇಳುವ ಹುಡುಗಿಯ ಪರದೆ ನಿಂತುಹೋದಾಗ ಅವಳ ತಂದೆ ಬಯ್ಯುವುದು ನನ್ನನ್ನು. ಕಂಪನಿಯ ಧಣಿಯನ್ನಲ್ಲ, ಓಣಿಯ ತುದಿಯಲ್ಲಿ ಅಹೋರಾತ್ರಿ ನೂರಾರು ಸಿನಿಮಾಗಳನ್ನು ಇಳಿಸುತ್ತ ಏರಿಸುತ್ತ ಕುಳಿತವನನ್ನೂ ಅಲ್ಲ.

ಹಿರಿಯರು: ಕಾಲುವೆಯ ಮಾತು ತೆಗೆದೆಯಾದ್ದರಿಂದ ಅದರಲ್ಲಿಯೇ ಉತ್ತರ ಹೇಳುವೆ. ನವಿಲುತೀರ್ಥದಿಂದ ನೀರು ಬಿಡುವಾಗ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಸಾರುತ್ತಾರೆ. ಪಾಳಿ ಇದ್ದರೆ ಯಾರ ಪಾಳಿ ಎಂದೆಂಬುದು ಮೇಲಿನವನಿಗೂ ತುದಿಯವನಿಗೂ ಗೊತ್ತು. ತಪ್ಪಿದರೆ ಇಂಜಿನಿಯರನ ಕಚೇರಿಯ ಮುಂದೆ ಕುಳಿತು ಕೇಳಬಹುದು. ನಿನ್ನ ಕಂಪನಿಯ ಪಾಳಿಯ ಹಲಗೆ ಎಲ್ಲಿ ತೂಗುಹಾಕಿದೆ, ತೋರಿಸು. ಮತ್ತೊಂದು: ನೀರನ್ನು ಅಳೆದು ಬಿಡುವುದು ಸರಿ, ಅದರಿಂದ ಯಾವ ಬೆಳೆ ಬೆಳೆಯುತ್ತೀ ಎಂದು ತೂಬಿನ ಬಳಿ ನಿಂತು ಪರೀಕ್ಷಿಸುವುದು ಸರಿಯೆ?

ತರುಣ: ಅಚ್ಚುಕಟ್ಟಿನಲ್ಲಿ ಯಾವ ಬೆಳೆಗೆ ಎಷ್ಟು ಪ್ರದೇಶವೆಂದು ಸರಕಾರವೇ ಗೊತ್ತುಪಡಿಸುವುದಿಲ್ಲವೆ? ಎಲ್ಲರೂ ಕಬ್ಬು ಹಚ್ಚಿದರೆ ನೀರು ಸಾಲದೆಂಬುದು ನಿಮಗೂ ತಿಳಿದ ಸಂಗತಿ.

ಹಿರಿಯರು: ಗೊತ್ತುಪಡಿಸುತ್ತದೆ, ಪ್ರಕಟಿಸಿಯೂ ಪ್ರಕಟಿಸುತ್ತದೆ. ನಾನು ಕೇಳುತ್ತಿರುವುದು ಆ ಪ್ರಕಟಣೆಯನ್ನೇ. ಎಲ್ಲರಿಗೂ ಒಂದೇ ಮಿತಿ ಹಾಕಿ, ಇಂತಿಷ್ಟು ಜಿಬಿ ಆದ ಮೇಲೆ ವೇಗ ತಗ್ಗುವುದೆಂದು ಮೊದಲೇ ಬರೆದು ಕೊಟ್ಟರೆ ಅದು ಕರಾರು. ಅದನ್ನು ನಾನು ಪ್ರಶ್ನಿಸೆನು. ಆ ತಗ್ಗಿಸುವಿಕೆಗೂ ಮಿತಿಯುಂಟಲ್ಲ?

ತರುಣ: ಉಂಟು. 2016ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನವರು, ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಮಿತಿ ಮುಗಿದ ನಂತರವೂ ಸೆಕೆಂಡಿಗೆ 512 ಕಿಲೋಬಿಟ್ಟಿಗಿಂತ ಕೆಳಗೆ ಇಳಿಸಕೂಡದೆಂದು ನಿರ್ದೇಶಿಸಿದರು. 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಮೆಗಾಬಿಟ್ ವೇಗ ಇರತಕ್ಕದ್ದೆಂದು ಸರಕಾರದ ವ್ಯಾಖ್ಯೆಯೇ ಬದಲಾಗಿದೆ. ನೀವು ಕೇಳುವ ದೊಡ್ಡ ಪ್ರಶ್ನೆಗೂ ನಮ್ಮ ದೇಶದಲ್ಲಿ ಉತ್ತರವಿದೆ. 2015ರಲ್ಲಿ ಲಕ್ಷಾಂತರ ಜನರು ಟ್ರಾಯ್‌ಗೆ ಮಿಂಚಂಚೆ ಬರೆದ ಆಂದೋಲನವನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅದರ ಫಲವಾಗಿ 2016ರ ಫೆಬ್ರವರಿ 8ರಂದು, ಕೆಲವು ತಾಣಗಳಿಗೆ ಒಂದು ದರ, ಉಳಿದವಕ್ಕೆ ಇನ್ನೊಂದು ದರ ಎಂಬ ಭೇದವು ನಿಷಿದ್ಧವಾಯಿತು. 2017ರ ನವೆಂಬರಿನಲ್ಲಿ ಟ್ರಾಯ್ ಮಾಡಿದ ಶಿಫಾರಸನ್ನು ಸರಕಾರವು 2018ರ ಜುಲೈಯಲ್ಲಿ ಒಪ್ಪಿತು. ತಡೆಯುವುದು, ಕುಗ್ಗಿಸುವುದು, ನಿಧಾನಿಸುವುದು, ಕೆಲವಕ್ಕೆ ಮಾತ್ರ ವಿಶೇಷ ವೇಗ ಕೊಡುವುದು, ಇವು ಯಾವುವೂ ಸಲ್ಲವೆಂಬ ಷರತ್ತು ಕಂಪನಿಗಳ ಪರವಾನಗಿಯಲ್ಲಿಯೇ ಸೇರಿತು. ಕಳುಹಿಸುವವನು ಯಾರು, ಪಡೆಯುವವನು ಯಾರು ಎಂಬುದರ ಮೇಲಷ್ಟೇ ಅಲ್ಲ, ಯಾವ ಪದ್ಧತಿಯಲ್ಲಿ ಕಳುಹಿಸಿದ ಎಂಬುದರ ಮೇಲೂ ಭೇದ ಮಾಡಕೂಡದೆಂದು ಅದರಲ್ಲಿ ಸ್ಪಷ್ಟವಾಗಿದೆ. ಟೊರೆಂಟ್ ಒಂದು ಪದ್ಧತಿ. ಅದು ಟೊರೆಂಟ್ ಎಂಬ ಕಾರಣಕ್ಕಾಗಿಯೇ ಅದನ್ನು ಹಿಂಡುವುದು ಇಂದು ಪರವಾನಗಿಯ ಉಲ್ಲಂಘನೆ.

ಹಿರಿಯರು: ಅಲ್ಲಿ ಅಪವಾದಗಳೂ ಇರಬೇಕಲ್ಲ. ಕಾನೂನು ಬರೆಯುವವರು ಹಿಂಬಾಗಿಲನ್ನು ಮರೆತು ಮನೆ ಕಟ್ಟುವುದು ಅಪರೂಪ.

ತರುಣ: ಇವೆ. ನ್ಯಾಯಾಲಯದ ಅಥವಾ ಸರಕಾರದ ಆದೇಶವಿದ್ದರೆ ತಡೆಯಬಹುದು. ಮತ್ತು 'ಯುಕ್ತವಾದ ದಟ್ಟಣೆ ನಿರ್ವಹಣೆ'ಯನ್ನು ಮಾಡಬಹುದು. ಆದರೆ ಅದು ತಾತ್ಕಾಲಿಕವಾಗಿರಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ಬಚ್ಚಿಟ್ಟದ್ದಾಗಿರಬಾರದು. ಯಾವುದು ಯುಕ್ತ, ಯಾವುದು ಅಯುಕ್ತ ಎಂಬುದನ್ನು ವಿಮರ್ಶಿಸಲು ಕಂಪನಿಗಳೂ ಗ್ರಾಹಕರೂ ವಿದ್ವಾಂಸರೂ ಕೂಡಿದ ಮಂಡಲಿಯೊಂದು ಬೇಕೆಂದು ಟ್ರಾಯ್ 2020ರ ಸೆಪ್ಟೆಂಬರಿನಲ್ಲಿ ಮತ್ತೆ ಶಿಫಾರಸು ಮಾಡಿತು.

ಹಿರಿಯರು: ಹಾಗಾದರೆ ನಿಯಮವಿದೆ, ನಿಯಮದ ಕಾವಲಿನ ವಿಚಾರವಿನ್ನೂ ಶಿಫಾರಸಿನ ಭಾಷೆಯಲ್ಲಿದೆ. ನನ್ನಂಥ ಗ್ರಾಮವಾಸಿಯೊಬ್ಬನು ತನ್ನ ಕಡತವನ್ನು ಕಂಪನಿ ಹಿಂಡುತ್ತಿದೆಯೋ, ತಾನಾಗಿಯೇ ಬಳಲಿತೋ ಎಂಬುದನ್ನು ಅರಿಯುವುದೆಂತು?

ತರುಣ: ಅರಿಯುವ ಉಪಾಯವನ್ನು ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಸಂಶೋಧಕರು 2008ರ ಹೊತ್ತಿಗೇ ತೋರಿಸಿಕೊಟ್ಟರು. ಗ್ಲಾಸ್‌ನಾಸ್ಟ್ ಎಂದು ಅದರ ಹೆಸರು. ಒಂದೇ ದಾರಿಯಲ್ಲಿ, ಒಂದರ ಬೆನ್ನಿಗೊಂದರಂತೆ, ಒಂದೇ ಗಾತ್ರದ ಎರಡು ಹರಿವುಗಳನ್ನು ಬಿಡುವುದು. ಮೊದಲನೆಯದು ಟೊರೆಂಟಿನ ರೂಪದಲ್ಲಿರುವುದು, ಎರಡನೆಯದು ಅರ್ಥವಿಲ್ಲದ ಅಂಕಿಗಳ ರಾಶಿಯಾಗಿರುವುದು. ಎರಡೂ ಸಮನಾಗಿ ನಿಧಾನವಾದರೆ ದಾರಿಯೇ ದಟ್ಟಣೆಯದು. ಟೊರೆಂಟ್ ರೂಪದ್ದು ಮಾತ್ರ ಕುಂಟಿದರೆ, ಯಾರೋ ಅದರ ಮುಖ ನೋಡಿ ತಡೆಯುತ್ತಿದ್ದಾರೆಂದು ತಿಳಿಯತಕ್ಕದ್ದು. ಜಗತ್ತಿನ ಬಹಳ ದೇಶಗಳ ಜನರು ಇದನ್ನು ನಡೆಸಿ ನೋಡಿದರು. ನಮ್ಮಲ್ಲಿಯೂ ಕಣ್ಣಿಟ್ಟು ನೋಡುವವರು ಇಲ್ಲದಿಲ್ಲ. 2015ರ ಜೂನಿನಲ್ಲಿ ಬೆಂಗಳೂರಿನ ತೇಜೇಶ್ ಜಿ. ಎನ್. ಅವರು ತಮ್ಮ ಜಾಲಪುಟವನ್ನು ಏರ್‌ಟೆಲ್‌ನ 3ಜಿ ಸಂಪರ್ಕದಲ್ಲಿ ತೆರೆದಾಗ, ತಾವು ಬರೆಯದ ಸಾಲುಗಳು ಅದರೊಳಗೆ ಸೇರಿರುವುದನ್ನು ಕಂಡು ಸಾಕ್ಷ್ಯಸಮೇತ ಪ್ರಕಟಿಸಿದರು. ಗ್ರಾಹಕರಿಗೆ ತಮ್ಮ ಬಳಕೆಯ ಲೆಕ್ಕ ತಿಳಿಯಲೆಂದು ಮಾಡಿದ ಏರ್ಪಾಡು ಅದೆಂದು ಕಂಪನಿ ವಿವರಿಸಿತು. ಆ ಸಾಲುಗಳನ್ನು ರಚಿಸಿದ ಇಸ್ರೇಲಿನ ಸಂಸ್ಥೆಯಾದರೋ ಪ್ರಕಟಿಸಿದವರಿಗೇ ವಕೀಲರ ನೋಟೀಸು ಕಳುಹಿಸಿತು.

ಹಿರಿಯರು: ಕಂಡದ್ದನ್ನು ಹೇಳಿದವನಿಗೆ ನೋಟೀಸು! ನನ್ನ ಸಂಶಯಕ್ಕೆ ಬೇರಿಲ್ಲವೆಂದು ಇನ್ನು ಹೇಳಬೇಡ.

ತರುಣ: ಬೇರಿದೆ; ಅದು ಎಲ್ಲ ಹೊಲದಲ್ಲಿಯೂ ಇದೆಯೆಂದು ಮಾತ್ರ ನಾನು ಒಪ್ಪೆನು. ಇಷ್ಟಕ್ಕೂ ಟೊರೆಂಟಿನ ಮೇಲೆ ಕಂಪನಿಗಳಿಗಿದ್ದ ಹಳೆಯ ಭಯ ಈಗ ಕಡಿಮೆಯಾಗಿದೆ. ದಟ್ಟಣೆ ಕಂಡೊಡನೆ ತಾನಾಗಿಯೇ ಹಿಂದೆ ಸರಿದು ಇತರರಿಗೆ ಹಾದಿ ಬಿಡುವ ವಿಧಾನವು ಟೊರೆಂಟಿನ ತಂತ್ರಾಂಶಗಳಲ್ಲಿಯೇ ಬಂದಿದೆ. 2012ರಲ್ಲಿ ಅದನ್ನು ಅಂತರ್ಜಾಲದ ಮಾನಕ ಮಂಡಲಿಯೂ ದಾಖಲಿಸಿತು. ಇಂದು ನಮ್ಮ ಎಳೆಯನ್ನು ತುಂಬಿರುವುದು ವಿಡಿಯೋ. ಆದ್ದರಿಂದ ನಾನು ಬಲ್ಲ ಮಟ್ಟಿಗೆ, ನಿಧಾನಿಸುವುದಕ್ಕಿಂತ ನೇರವಾಗಿ ತಡೆಯುವುದೇ ನಮ್ಮ ದೇಶದ ನಿಜವಾದ ಸಂಗತಿ. ಅದೂ ಕಂಪನಿಯ ಇಚ್ಛೆಯಿಂದಲ್ಲ, ನ್ಯಾಯಾಲಯದ ಆಜ್ಞೆಯಿಂದ.

ಹಿರಿಯರು: ಆ ಆಜ್ಞೆಗಳ ಕಥೆಯನ್ನು ನಾನೂ ಬಲ್ಲೆನು. 2012ರಲ್ಲಿ '3' ಎಂಬ ತಮಿಳು ಚಿತ್ರದ ನಿರ್ಮಾಪಕರು ಮದರಾಸು ಉಚ್ಚ ನ್ಯಾಯಾಲಯದಿಂದ, ಹೆಸರೇ ಗೊತ್ತಿಲ್ಲದ ಕಳ್ಳರ ವಿರುದ್ಧ ಆಜ್ಞೆ ತಂದರು. ಕಂಪನಿಗಳು ಟೊರೆಂಟ್ ತಾಣಗಳೊಡನೆ, ಜನರು ತಾವೇ ತೆಗೆದ ಚಿತ್ರಗಳನ್ನು ಹಾಕುವ ವಿಮಿಯೋ, ಡೈಲಿಮೋಷನ್‌ಗಳನ್ನೂ ಸಮೂಲವಾಗಿ ಮುಚ್ಚಿಬಿಟ್ಟವು. ಜೂನ್ ತಿಂಗಳಲ್ಲಿ ನ್ಯಾಯಾಲಯವೇ, ಕದ್ದ ಕಡತದ ವಿಳಾಸವನ್ನಷ್ಟೇ ತಡೆಯಿರಿ, ಇಡೀ ತಾಣವನ್ನಲ್ಲ ಎಂದು ತಿದ್ದಬೇಕಾಯಿತು. ಅದಾಗಿ ಐದು ವರ್ಷಕ್ಕೆ, 2017ರ ಆಗಸ್ಟಿನಲ್ಲಿ, ಎರಡು ಹಿಂದಿ ಚಿತ್ರಗಳ ರಕ್ಷಣೆಗಾಗಿ ಅದೇ ನ್ಯಾಯಾಲಯದಿಂದ ಹೊರಟ ಆಜ್ಞೆಯಲ್ಲಿ 2,600ಕ್ಕೂ ಹೆಚ್ಚು ತಾಣಗಳಿದ್ದವು. ಅವುಗಳಲ್ಲಿ ಇಂಟರ್‌ನೆಟ್ ಆರ್ಕೈವ್ ಕೂಡ ಒಂದು! ತಮ್ಮಾ, ಅದು ನನಗೆ ಎಂಥ ತಾಣವೆಂದು ಬಲ್ಲೆಯಾ? ನಮ್ಮ ಸರಕಾರದ ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಇಂದು ನನಗೆ ಸಿಗುವುದು ಅಲ್ಲಿ. ಕಾದಂಬರಿಕಾರ ಗಳಗನಾಥರು 1942ರಲ್ಲಿ ತೀರಿಕೊಂಡರು. ಬರೆದವನ ಮರಣಾನಂತರ ಅರವತ್ತು ವರ್ಷಗಳ ಹಕ್ಕೆಂಬ ನಮ್ಮ ಕಾನೂನಿನಂತೆ ಅವರ ಕಾದಂಬರಿಗಳು 2003ರಿಂದ ಸರ್ವರ ಸ್ವತ್ತು. ಆ ಆರ್ಕೈವ್ 2012ರಿಂದ ತನ್ನ ಕಡತಗಳನ್ನು ಟೊರೆಂಟ್ ಮಾರ್ಗದಲ್ಲಿಯೂ ಕೊಡುತ್ತಿದೆ. ಮೈಸೂರು ವಿಶ್ವವಿದ್ಯಾನಿಲಯದವರು ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನೇ ಮುಕ್ತ ಪರವಾನಗಿಯಲ್ಲಿ ಜನರಿಗೆ ಒಪ್ಪಿಸಿದ್ದಾರೆ. ಹೀಗಿರುವಾಗ ಒಂದು ಚಿತ್ರದ ಒಂದು ವಾರದ ಗಲ್ಲಾಪೆಟ್ಟಿಗೆಗಾಗಿ ಒಂದು ಭಾಷೆಯ ಗ್ರಂಥಭಂಡಾರದ ದಾರಿಯನ್ನು ಮುಚ್ಚುವುದು ಯಾವ ನ್ಯಾಯ?

ತರುಣ: ಆ ಆಜ್ಞೆಯ ಅತಿವ್ಯಾಪ್ತಿಯನ್ನು ನಾನೂ ಸಮರ್ಥಿಸೆನು. ಆದರೆ 'ಒಂದು ವಾರದ ಗಲ್ಲಾಪೆಟ್ಟಿಗೆ' ಎಂದು ನೀವು ಹಗುರವಾಗಿ ಅಂದಿರಲ್ಲ, ಚಿತ್ರದ ಬದುಕೇ ಆ ಒಂದು ವಾರ. 2019ರ ಸೆಪ್ಟೆಂಬರಿನಲ್ಲಿ 'ಪೈಲ್ವಾನ್' ಬಿಡುಗಡೆಯಾದಾಗ ಅದರ ಕಳ್ಳಪ್ರತಿ ಕೂಡಲೇ ಮೊಬೈಲಿನಿಂದ ಮೊಬೈಲಿಗೆ ಹರಿದು, ನಿರ್ಮಾಪಕರು ಬೆಂಗಳೂರಿನ ಸೈಬರ್ ಪೊಲೀಸರ ಬಳಿಗೆ ಹೋಗಬೇಕಾಯಿತು. ಹಿಂದಿ, ತೆಲುಗು ಚಿತ್ರಗಳ ಬಂಡವಾಳ ನಮ್ಮ ಚಿತ್ರಗಳಿಗಿಲ್ಲ. ಬೈಲಹೊಂಗಲದ ಟಾಕೀಸಿನಲ್ಲಿ ಟಿಕೆಟ್ ಹರಿಯುವವನ ಕೂಲಿಯೂ ಅದರಲ್ಲಿಯೇ ಇದೆ. ತಡೆದ ತಾಣ ಮರುದಿನ ಹೆಸರಿನ ಒಂದಕ್ಷರ ಬದಲಿಸಿ ಮತ್ತೆ ಏಳುತ್ತದೆ. ಆದ್ದರಿಂದಲೇ 2019ರ ಏಪ್ರಿಲ್ 10ರಂದು ದಿಲ್ಲಿ ಉಚ್ಚ ನ್ಯಾಯಾಲಯವು, ಕಳ್ಳತನವೇ ಕಸುಬಾದ ತಾಣಗಳ ಹೊಸ ಹೊಸ ಪ್ರತಿರೂಪಗಳನ್ನು ಹೊಸ ದಾವೆಯಿಲ್ಲದೆಯೇ ಪಟ್ಟಿಗೆ ಸೇರಿಸುತ್ತ ಹೋಗುವ ಆಜ್ಞೆಯನ್ನು ಕೊಟ್ಟಿತು. ಈಗ ನಿಮ್ಮನ್ನೇ ಕೇಳುವೆ, ಸಿಟ್ಟಾಗಬಾರದು. ನಿಮ್ಮ ಟೇಪುಗಳಲ್ಲಿ ಹಾಡಿದವರ ಅಪ್ಪಣೆಯನ್ನು ನೀವು ಪಡೆದಿದ್ದೀರಾ?

ಹಿರಿಯರು: ಕುಲಗೋಡ ತಮ್ಮಣ್ಣನ ಪಾರಿಜಾತಕ್ಕೆ ಯಾರ ಅಪ್ಪಣೆ ಬೇಕು? ಅದು ಈ ನಾಡಿನ ಸೊತ್ತು.

ತರುಣ: ಪದ ನಾಡಿನದು, ಹಾಡಿದ ದನಿ ನಾಡಿನದಲ್ಲ. ಪ್ರದರ್ಶನ ಮಾಡಿದ ಕಲಾವಿದನಿಗೂ ಐವತ್ತು ವರ್ಷಗಳ ಹಕ್ಕನ್ನು ನಮ್ಮ ಕಾನೂನು ಕೊಟ್ಟಿದೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಊರೂರು ತಿರುಗಿ, ರಾತ್ರಿಯಿಡೀ ಹಾಡಿ ಗಳಿಸಿದ್ದು ಎಷ್ಟು? ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು ನೂರು ವರ್ಷ ದಾಟಿ ಬಾಳಿ 2017ರಲ್ಲಿ ತೀರಿಕೊಂಡರು. ಅವರಂಥವರ ನಾಟಕ ಕಂಪನಿಗಳು ಸಾಲದಲ್ಲಿ ಮುಳುಗುತ್ತ ತೇಲುತ್ತ ನಡೆದದ್ದನ್ನು ತರಗತಿಯಲ್ಲಿ ನಮಗೆ ಹೇಳಿದವರು ನೀವೇ. ಟಿಕೆಟ್ ಕೊಳ್ಳದೆ ನೋಡುವುದು ಅಂದು ತಪ್ಪಾಗಿದ್ದರೆ, ಕೇಳದೆ ಹಂಚುವುದು ಇಂದು ಹೇಗೆ ಸರಿಯಾದೀತು?

ಹಿರಿಯರು ಇದಕ್ಕೆ ಕೂಡಲೆ ಉತ್ತರ ಕೊಡಲಿಲ್ಲ. ಕಪಾಟಿನಿಂದ ಟೇಪುಗಳ ಪೆಟ್ಟಿಗೆಯನ್ನು ತೆಗೆದು, ಒಂದೊಂದರ ಮೇಲೆ ತಾವೇ ಬರೆದಿಟ್ಟ ಊರು, ಜಾತ್ರೆ, ಪಾತ್ರಧಾರಿಗಳ ವಿವರವನ್ನು ಅವನಿಗೆ ತೋರಿಸಿದರು.

ಹಿರಿಯರು: ನಿನ್ನ ಪ್ರಶ್ನೆ ಸರಿಯಾದುದು. ಇವರಲ್ಲಿ ಬಹಳ ಜನ ಈಗಿಲ್ಲ. ಕೆಲವರ ಮಕ್ಕಳನ್ನು ಬಲ್ಲೆ, ಅವರನ್ನು ಕೇಳುವೆ. ಕೆಲವರ ಮನೆತನವೇ ಚದುರಿಹೋಗಿದೆ, ಅವರನ್ನು ಎಲ್ಲಿ ಹುಡುಕಲಿ? ಕೇಳಲು ಯಾರೂ ಸಿಗದ ದನಿಯನ್ನು ಕಾನೂನಿನ ಐವತ್ತು ವರ್ಷ ತುಂಬಲೆಂದು ಪೆಟ್ಟಿಗೆಯಲ್ಲಿಟ್ಟರೆ, ಟೇಪು ಅಷ್ಟು ವರ್ಷ ಬದುಕಲಾರದು. ಪುಸ್ತಕಕ್ಕೆ ನೂರು ಪ್ರತಿಗಳಿರುತ್ತವೆ, ಎಲ್ಲಿಯೋ ಒಂದು ಉಳಿಯುತ್ತದೆ. ಇದಕ್ಕೆ ಇರುವುದು ಇದೊಂದೇ. ನಾಲ್ಕು ಊರುಗಳಲ್ಲಿ ನಾಲ್ಕು ಪ್ರತಿಗಳಿದ್ದರೆ ಒಂದು ಮನೆಯ ಬೆಂಕಿಗೆ, ಒಂದು ಗಣಕದ ಕೇಡಿಗೆ ಎಲ್ಲವೂ ಬಲಿಯಾಗುವುದಿಲ್ಲ. ನಾನು ಇವನ್ನು ಮಾರುವವನಲ್ಲ. ಮಾರದಿರುವುದೇ ಅಪ್ಪಣೆಗೆ ಸಮನಲ್ಲವೆಂಬುದನ್ನೂ ಒಪ್ಪುತ್ತೇನೆ. ಆದರೆ ನೀನೂ ಇದನ್ನು ಒಪ್ಪಬೇಕು: ಈ ಹಕ್ಕು ಯಾರದೆಂದು ಕೇಳುವ ಅಧಿಕಾರ ಹಾಡಿದವರ ಮನೆಯವರಿಗಿದೆ, ನ್ಯಾಯಾಧೀಶನಿಗಿದೆ, ಎಳೆ ಕಾಯುವ ಕಂಪನಿಗಿಲ್ಲ.

ತರುಣ: ಅದನ್ನು ಪೂರ್ಣವಾಗಿ ಒಪ್ಪುತ್ತೇನೆ. ಎಳೆಯೊಳಗೆ ಏನು ಹರಿಯುತ್ತದೆಂದು ಇಣುಕುವುದು ನನಗೂ ಬೇಡವಾದ ಕೆಲಸ. ಆಜ್ಞೆ ಬಂದಾಗ ಮಾತ್ರ ತಡೆಯಬೇಕು, ತಡೆದಾಗ ಯಾರ ಆಜ್ಞೆಯಿಂದ ಎಂದು ಪರದೆಯ ಮೇಲೆ ಹೇಳಬೇಕು. ಎಷ್ಟೋ ಸಲ ತಾಣವು ಸುಮ್ಮನೆ ತೆರೆಯದೆ ಹೋಗುತ್ತದೆ. ಜನರು ನಮ್ಮ ಫೈಬರೇ ಕೆಟ್ಟಿದೆಯೆಂದು ಫೋನು ಮಾಡುತ್ತಾರೆ. ನನಗೇ ಗೊತ್ತಿರುವುದಿಲ್ಲ, ಅವರಿಗೇನು ಹೇಳಲಿ?

ಮರುದಿನ ನಸುಕಿನಲ್ಲಿ ಅವರಿಬ್ಬರೂ ಕೂಡಿ ಪರೀಕ್ಷೆ ನಡೆಸಿದರು. ತರುಣನು ಹಿರಿಯರ ಸಂಪರ್ಕಕ್ಕೆ ಕೆಲ ಕಾಲ ಹೊರಗಿನಿಂದ ತಲುಪಬಲ್ಲ ಸ್ವಂತ ವಿಳಾಸವೊಂದನ್ನು ಮಾಡಿಸಿಕೊಟ್ಟನು. ಪಾರಿಜಾತವು ಟೊರೆಂಟಿನ ರೂಪದಲ್ಲಿಯೇ, ಯಾವ ಮರೆಯೂ ಇಲ್ಲದೆ, ರಾಮದುರ್ಗಕ್ಕೆ ನೀರು ಹರಿದಂತೆ ಹೋಯಿತು. ಆ ವಿಳಾಸವನ್ನು ತೆಗೆದೊಡನೆ ಮೊದಲಿನ ಮಾಂದ್ಯವೇ ಮರಳಿತು. ಅಂದಮೇಲೆ ಈ ಮನೆಯ ಮಟ್ಟಿಗೆ ಯಾರೂ ಕೈಯಾಡಿಸಿರಲಿಲ್ಲವೆಂಬ ತರುಣನ ಮಾತು ದಿಟವಾಯಿತು. ಹಿರಿಯರಾದರೋ ಅಷ್ಟಕ್ಕೆ ಸಮಾಧಾನಗೊಳ್ಳಲಿಲ್ಲ.

ಹಿರಿಯರು: ಈ ವಿಳಾಸ ಖಾಯಮಾಗಿ ಬೇಕೆಂದರೆ?

ತರುಣ: ಬೇರೆ ಹಣ ಕೊಡಬೇಕು.

ಹಿರಿಯರು: ನೋಡಿದೆಯಾ! ಪಡೆಯುವುದಕ್ಕೆ ತಿಂಗಳ ಹಣ, ಕೊಡುವುದಕ್ಕೆ ಮೇಲೊಂದು ಹಣ. ಯಾರೂ ಬೇಕೆಂದು ತಡೆದಿಲ್ಲ, ಒಪ್ಪಿದೆ. ಆದರೆ ಊರಿನ ಜನ ನೋಡುವವರಾಗಿಯೇ ಇರಲಿ, ತೋರಿಸುವವರು ಬೇರೆಡೆ ಇರಲಿ ಎಂಬಂತೆ ಈ ಜಾಲವನ್ನು ಕಟ್ಟಿದ್ದೀರಿ. ಕಾಮ್‌ಕಾಸ್ಟಿನವರು ಸುಳ್ಳು ಸಂದೇಶ ಕಳುಹಿಸಿ ಮಾಡಿದ್ದನ್ನು ನಿಮ್ಮ ಗೋಡೆ ಸುಳ್ಳಿಲ್ಲದೆಯೇ ಮಾಡುತ್ತಿದೆ.

ತರುಣ: ಗೋಡೆ ಕಟ್ಟಿದ್ದು ವಿಳಾಸಗಳ ಕೊರತೆ, ಕಂಪನಿಯ ದುರಾಶೆಯಲ್ಲ. ಅದನ್ನು ದಾಟುವ ಮಾರ್ಗವೂ ಬಂದಿದೆ. ಐಪಿವಿ6 ಎಂಬ ಹೊಸ ಪದ್ಧತಿಯಲ್ಲಿ ಪ್ರತಿ ಮನೆಯ ಪ್ರತಿ ಉಪಕರಣಕ್ಕೂ ತನ್ನದೇ ವಿಳಾಸ ಸಿಗಬಲ್ಲದು. ಅದರ ಬಳಕೆಯಲ್ಲಿ ನಮ್ಮ ದೇಶವು ಜಗತ್ತಿನ ಮುಂಚೂಣಿಯಲ್ಲಿದೆ. ನಿಮ್ಮ ರೂಟರಿನಲ್ಲಿ ಅದನ್ನು ಇಂದೇ ಹಚ್ಚಿಕೊಡುತ್ತೇನೆ, ರಾಮದುರ್ಗದಲ್ಲಿಯೂ ಹಚ್ಚಿಸಬೇಕು.

ಹಿರಿಯರು: ಹಚ್ಚು. ಆದರೆ ನಾನು ಕಂಪನಿಗೆ ಬರೆಯುವ ಪತ್ರವನ್ನು ನಿಲ್ಲಿಸುವುದಿಲ್ಲ.

ತರುಣ: ನಿಲ್ಲಿಸಬೇಡಿರಿ. ನನ್ನ ಹೆಸರನ್ನು ಮಾತ್ರ ಅದರಲ್ಲಿ ಬರೆಯಬೇಡಿರಿ.

ಓದುಗರಲ್ಲಿ ಇಂಥ ತೊಂದರೆಯುಳ್ಳವರು ಹಲವರಿರಬೇಕು. ಕಂಪನಿಯನ್ನು ದೂರುವ ಮುನ್ನ ತಮ್ಮದು ಹಂಚಿಕೊಂಡ ವಿಳಾಸವೋ ಸ್ವಂತ ವಿಳಾಸವೋ ಎಂಬುದನ್ನು ವಿಚಾರಿಸಿ, ರೂಟರಿನಲ್ಲಿ ಐಪಿವಿ6 ಹಚ್ಚಿಸಿ, ಹೊತ್ತು ಬದಲಿಸಿ ಪರೀಕ್ಷಿಸಿರಿ. ಅದಾದ ಮೇಲೆಯೂ ಟೊರೆಂಟ್ ಒಂದೇ ಕುಂಟುತ್ತಿದ್ದರೆ, ನಿಮ್ಮ ದಟ್ಟಣೆ ನಿರ್ವಹಣೆಯ ನಿಯಮವೇನು, ಅದರಲ್ಲಿ ಟೊರೆಂಟಿಗೆ ಬೇರೆ ಉಪಚಾರವಿದೆಯೇ ಎಂದು ಕಂಪನಿಗೆ ಬರೆದು ಕೇಳಿರಿ. ದೂರಿನ ಸಂಖ್ಯೆಯನ್ನು ಪಡೆಯದೆ ಬಿಡಬೇಡಿರಿ. ಸಮರ್ಪಕ ಉತ್ತರ ಬಾರದಿದ್ದಲ್ಲಿ ಆ ಸಂಖ್ಯೆಯೊಡನೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಹಾಗೆ ಬರೆಯುವ ಅವಕಾಶವನ್ನು ಟ್ರಾಯ್‌ನ 2012ರ ನಿಯಮಾವಳಿಯು ಪ್ರತಿಯೊಬ್ಬ ಗ್ರಾಹಕನಿಗೂ ಕೊಟ್ಟಿದೆ.